ಬೆಂಕಿ ಕಾಣದ ಒಲೆ: ಮೈಕ್ರೋವೇವ್ ಬಳಸುವ ಮನೆಗಳಲ್ಲಿ ವಹಿಸಬೇಕಾದ ಎಚ್ಚರ



ಈ ಪತ್ರಿಕೆಯಲ್ಲಿ ನಾವು ಸಾಮಾನ್ಯವಾಗಿ ಬೋರ್ಡೋ ದ್ರಾವಣ, ಅಡಿಕೆಯ ಕೊಳೆರೋಗ, ಅರೇಬಿಕಾದ ಕಾಂಡಕೊರಕ, ಗೊಬ್ಬರದ ದಾಸ್ತಾನು, ಸಾಲದ ಕಂತು ಇವುಗಳನ್ನು ಬಿಟ್ಟು ಆಚೆಗೆ ಹೋದವರಲ್ಲ. ಈ ಸಲ ಅಡಿಗೆಮನೆಯ ಯಂತ್ರವೊಂದರ ವಿಷಯ ಬರೆಯ ಹೊರಟಿರುವುದನ್ನು ಕಂಡು ಕೆಲವರಿಗೆ ನಗು ಬಂದರೂ ಬರಬಹುದು. ಆದರೆ ಕಾರಣವಿಲ್ಲದೆ ಬರೆಯುತ್ತಿಲ್ಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿರುವ ಮಕ್ಕಳು ಹಬ್ಬಕ್ಕೆ ಬರುವಾಗ ಒಂದು ಮೈಕ್ರೋವೇವ್ ಒಲೆಯನ್ನು ಹೊತ್ತು ತರುತ್ತಾರೆ, ಎರಡು ದಿನ ಇದ್ದು ಹೊರಟುಹೋಗುತ್ತಾರೆ. ಒಲೆ ಮಾತ್ರ ಉಳಿಯುತ್ತದೆ. ಅದರ ಜೊತೆ ಬಂದ ಕೈಪಿಡಿ ಪುಸ್ತಕ ರೇಷನ್ ಕಾರ್ಡಿನ ಪಕ್ಕದಲ್ಲಿ ಭದ್ರವಾಗಿ ಕುಳಿತಿರುತ್ತದೆ. ನಮ್ಮ ಸದಸ್ಯರ ಮನೆಗಳಲ್ಲೇ ಒಂದು ವರ್ಷದೊಳಗೆ ಮೂರು ಅವಘಡಗಳು ನಡೆದಿವೆ. ಒಂದರಲ್ಲಿ ಕೈ ಸುಟ್ಟಿತು, ಇನ್ನೊಂದರಲ್ಲಿ ಗೋಡೆಯ ಸಾಕೆಟ್ ಕರಗಿತು, ಮೂರನೆಯದರಲ್ಲಿ ಒಬ್ಬ ಹುಡುಗ ಬದುಕಿ ಉಳಿದದ್ದೇ ಹೆಚ್ಚು.

ಕೈ ಸುಟ್ಟದ್ದು ನಮ್ಮ ಮನೆಯಲ್ಲಿ. ಮೊದಲು ಅದನ್ನೇ ಹೇಳಿಬಿಡುತ್ತೇವೆ.

2024ರ ಜನವರಿ, ರೊಬಸ್ಟಾ ಕೊಯ್ಲು ನಡೆದಿದ್ದ ದಿನಗಳು. ಬೆಳಗಿನ ಆರೂವರೆ ಗಂಟೆ. ಮಗ ತಂದುಕೊಟ್ಟಿದ್ದ ನುಣುಪಾದ ಗಾಜಿನ ಲೋಟದಲ್ಲಿ ನಮ್ಮ ಮನೆಯವರು ನೀರು ತುಂಬಿ ಮೈಕ್ರೋವೇವಿನಲ್ಲಿ ಮೂರು ನಿಮಿಷ ಇಟ್ಟರು. ಅಷ್ಟರಲ್ಲಿ ಆಳುಗಳ ಜೀಪು ಬಂದು ಹಾರ್ನ್ ಹೊಡೆಯಿತು. ಅವರು ಅಂಗಳಕ್ಕೆ ಹೋಗಿ ಚೀಲಗಳನ್ನು ಎಣಿಸಿ ಕೊಟ್ಟು ಹಿಂತಿರುಗುವಾಗ ನೀರು ಆರಿತ್ತು. ಪುನಃ ಮೂರು ನಿಮಿಷ ಇಟ್ಟರು. ಹೊರಗೆ ತೆಗೆದಾಗ ನೀರು ಕುದಿಯುತ್ತಿರಲಿಲ್ಲ. ಒಂದು ಗುಳ್ಳೆಯೂ ಕಾಣಲಿಲ್ಲ, ತಿಳಿಯಾಗಿ ನಿಂತಿತ್ತು. ಒಂದು ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದ್ದೇ ತಡ, ಲೋಟದ ನೀರೆಲ್ಲ ಬುಗ್ಗೆಯಂತೆ ಮೇಲಕ್ಕೆ ಚಿಮ್ಮಿ ಬಲಗೈಯ ಮೇಲೂ ಗದ್ದದ ಮೇಲೂ ಬಿತ್ತು. (ಕಾಫಿ ಬೆಳೆಗಾರನ ಮನೆಯಲ್ಲಿ ಇನ್‌ಸ್ಟಂಟ್ ಪುಡಿ ಏಕಿತ್ತು ಎಂದು ದಯವಿಟ್ಟು ಕೇಳಬೇಡಿ. ಕೊಯ್ಲಿನ ಕಾಲದ ಅವಸರ ಎನ್ನುವುದಷ್ಟೇ ನಮ್ಮ ಸಮಜಾಯಿಷಿ.) ಮಣಿಕಟ್ಟಿನ ಚರ್ಮ ಸುಲಿದು ಮಾಯಲು ಮೂರು ವಾರ ಹಿಡಿಯಿತು. ಕಣ್ಣಿಗೆ ಬೀಳಲಿಲ್ಲ ಎನ್ನುವುದು ದೈವಕೃಪೆ.

ಆ ಸಂಜೆ ಮಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಅಪ್ಪ, ಆ ಪುಸ್ತಕ ಓದಿದ್ರಾ?” ನಾವು ವಿಜ್ಞಾನದ ಪದವೀಧರರು, ಸಂಘದ ಕಾರ್ಯದರ್ಶಿಗಳು, ಸದಸ್ಯರಿಗೆ ಔಷಧಿ ಡಬ್ಬಿಯ ಮೇಲಿನ ಬರಹ ಓದಿ ಎಂದು ಮೂವತ್ತು ವರ್ಷದಿಂದ ಉಪದೇಶ ಮಾಡುತ್ತ ಬಂದವರು. ಓದಿರಲಿಲ್ಲ.

ನಡೆದದ್ದೇನೆಂದರೆ, ನೀರು ಕುದಿಯುವ ಬಿಂದುವನ್ನು ದಾಟಿಯೂ ಕುದಿಯದೆ ನಿಂತಿತ್ತು. ನಮ್ಮ ಸೀಮೆಯಂಥ ಎತ್ತರದಲ್ಲಿ, ಎಂದರೆ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಮೇಲೆ, ನೀರು 100 ಡಿಗ್ರಿಯವರೆಗೆ ಕಾಯಬೇಕಾಗಿಲ್ಲ. ಸುಮಾರು 97 ಡಿಗ್ರಿಗೇ ಕುದಿಯಬೇಕು. ಆದರೆ ಕುದಿಯಲು ಗುಳ್ಳೆ ಹುಟ್ಟಬೇಕು, ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು. ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ತಳ ಎಲ್ಲಕ್ಕಿಂತ ಹೆಚ್ಚು ಕಾದಿರುತ್ತದೆ, ಅಲ್ಲಿನ ಗೀರು ಕಲೆಗಳಿಂದ ಗುಳ್ಳೆ ಏಳುತ್ತ ಹೋಗುತ್ತದೆ. ಮೈಕ್ರೋವೇವಿನಲ್ಲಿ ಪಾತ್ರೆ ಕಾಯುವುದಿಲ್ಲ, ನೀರೇ ಕಾಯುತ್ತದೆ. ಗಾಜು ಹೊಸದಾಗಿ ನುಣ್ಣಗಿದ್ದರೆ ಗುಳ್ಳೆಗೆ ನೆಲೆ ಸಿಗುವುದಿಲ್ಲ. ಒಮ್ಮೆ ಕಾಯಿಸಿ ಆರಿದ ನೀರಾದರೆ ಅದರಲ್ಲಿ ಕರಗಿದ್ದ ಗಾಳಿಯೂ ಹೊರಟುಹೋಗಿರುತ್ತದೆ. ಹಾಗಾಗಿ ಎರಡನೆಯ ಸಲ ಕಾಯಿಸುವುದು ಇನ್ನೂ ಅಪಾಯ. ಹೀಗೆ ಅತಿಯಾಗಿ ಕಾದು ನಿಂತ ನೀರಿಗೆ ಚಮಚ ತಾಗಿದರೆ, ಪುಡಿ ಬಿದ್ದರೆ, ಲೋಟ ಅಲುಗಿದರೂ ಸಾಕು, ತಡೆದಿಟ್ಟ ಕುದಿಯೆಲ್ಲ ಒಂದೇ ಕ್ಷಣದಲ್ಲಿ ಆಗಿಬಿಡುತ್ತದೆ.

ಪರಿಹಾರ ಬಲು ಸುಲಭ. ಬರೀ ನೀರನ್ನು ಆ ಒಲೆಯಲ್ಲಿ ಕಾಯಿಸುವುದೇ ಬೇಡ. ಗ್ಯಾಸ್ ಇದೆ, ಸೌದೆ ಒಲೆಯೂ ಇದೆ. ಕಾಯಿಸಲೇಬೇಕಾದರೆ ಕಾಯಿಸುವ ಮುಂಚೆಯೇ ಅದರಲ್ಲಿ ಒಂದು ಮರದ ಚಮಚವನ್ನೋ ಐಸ್‌ಕ್ರೀಮ್ ಕಡ್ಡಿಯನ್ನೋ ನಿಲ್ಲಿಸಿ. ಸಕ್ಕರೆ, ಪುಡಿ ಏನಿದ್ದರೂ ಮೊದಲೇ ಬೆರೆಸಿ. ಪುಸ್ತಕದಲ್ಲಿ ಹೇಳಿದ ಹೊತ್ತಿಗಿಂತ ಹೆಚ್ಚು ಇಡಬೇಡಿ. ಒಲೆ ನಿಂತ ಮೇಲೆ ಒಂದು ನಿಮಿಷ ಬಾಗಿಲು ತೆರೆಯದೆ ಬಿಟ್ಟು, ಮುಖವನ್ನು ದೂರವಿಟ್ಟುಕೊಂಡು ಹೊರಗೆ ತೆಗೆಯಿರಿ. ಡಿಕಾಕ್ಷನ್ ಆರಿದ್ದನ್ನು ಇದರಲ್ಲಿ ಬಿಸಿ ಮಾಡುವವರಿಗೂ ಇದೇ ಮಾತು. ಆರಿದ ಡಿಕಾಕ್ಷನ್ನನ್ನು ಪುನಃ ಬಿಸಿ ಮಾಡಿ ಕುಡಿಯುವವರ ಬಗೆಗೆ ಬೆಳೆಗಾರರಾಗಿ ನಮಗೆ ಬೇರೆ ತಕರಾರೂ ಇದೆ, ಅದು ಇರಲಿ.

ಸುಟ್ಟ ಮೇಲೆ ನಾವು ಮಾಡಿದ ತಪ್ಪನ್ನೂ ಇಲ್ಲಿ ಬರೆಯಬೇಕು. ಗಾಬರಿಯಲ್ಲಿ ಒಬ್ಬರು ದೋಸೆ ಹಿಟ್ಟು ತಂದರು, ಇನ್ನೊಬ್ಬರು ಹಲ್ಲುಜ್ಜುವ ಪೇಸ್ಟ್ ತಂದರು; ಎರಡನ್ನೂ ಬಳಿದದ್ದಾಯಿತು. ಆಸ್ಪತ್ರೆಯಲ್ಲಿ ಅದನ್ನೆಲ್ಲ ತೊಳೆದು ತೆಗೆಯುವಾಗ ಆದ ನೋವು ಸುಟ್ಟ ನೋವಿಗಿಂತ ಹೆಚ್ಚು ಎಂದು ಮನೆಯವರು ಈಗಲೂ ಹೇಳುತ್ತಾರೆ. ಮಾಡಬೇಕಾದದ್ದು ಇಷ್ಟೆ. ತಕ್ಷಣ ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಎರಡು ನಿಮಿಷವಲ್ಲ, ಇಪ್ಪತ್ತು ನಿಮಿಷ, ಗಡಿಯಾರ ನೋಡಿ. ಊತ ಬರುವ ಮೊದಲೇ ಬಳೆ, ಉಂಗುರ, ಕೈಗಡಿಯಾರ ತೆಗೆದುಬಿಡಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಐಸ್, ತುಪ್ಪ, ಎಣ್ಣೆ, ಶಾಯಿ, ಹಿಟ್ಟು ಯಾವುದೂ ಬೇಡ. ಬೊಬ್ಬೆ ಒಡೆಯಬಾರದು. ಬಳಿಕ ಒಗೆದ ಶುದ್ಧ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮುಖ, ಕೈ, ಕೀಲುಗಳ ಸುಟ್ಟಗಾಯವಾದರೆ, ಮಕ್ಕಳದ್ದಾದರೆ, ಚಿಕ್ಕದೆಂದು ಉದಾಸೀನ ಮಾಡುವ ಹಾಗಿಲ್ಲ. ಗುಡ್ಡದ ಒರತೆಯಿಂದ ಪೈಪಿನಲ್ಲಿ ಹಗಲಿರುಳೂ ನೀರು ಬರುವ ನಮ್ಮಂಥ ಮನೆಗಳಲ್ಲಿ ಇಷ್ಟು ಒಳ್ಳೆಯ ಔಷಧಿ ಬಚ್ಚಲಿನಲ್ಲೇ ಹರಿಯುತ್ತಿರುವಾಗ ದೋಸೆ ಹಿಟ್ಟಿಗೆ ಓಡಿದೆವಲ್ಲ!

ಈಗ ಈ ಒಲೆ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿಯೋಣ. ತಿಳಿದರೆ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದು ತಾನಾಗಿಯೇ ಹೊಳೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿಮಾನಗಳನ್ನು ಪತ್ತೆ ಮಾಡುವ ರೇಡಾರಿಗಾಗಿ ಮ್ಯಾಗ್ನೆಟ್ರಾನ್ ಎಂಬ ಕೊಳವೆಯನ್ನು ತಯಾರಿಸುತ್ತಿದ್ದರು. ಅಮೆರಿಕದ ರೇಥಿಯಾನ್ ಸಂಸ್ಥೆಯಲ್ಲಿ ಪರ್ಸಿ ಸ್ಪೆನ್ಸರ್ ಎಂಬ ತಂತ್ರಜ್ಞ 1945ರ ಸುಮಾರಿಗೆ ಅಂಥ ಕೊಳವೆಯ ಹತ್ತಿರ ನಿಂತಿದ್ದಾಗ ಅವನ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಶಾಲೆಯನ್ನು ಪೂರ್ತಿ ಮುಗಿಸದ ಆ ಮನುಷ್ಯ ಅಲ್ಲಿಂದ ಈ ಒಲೆಯನ್ನು ಕಂಡುಹಿಡಿದ. 1947ರಲ್ಲಿ ಬಂದ ಮೊದಲ ಯಂತ್ರ ಸುಮಾರು 340 ಕಿಲೋ ತೂಗುತ್ತಿತ್ತು, ಆಳೆತ್ತರ ಇತ್ತು. ಮೇಜಿನ ಮೇಲೆ ಇಡಬಹುದಾದ ಮನೆಬಳಕೆಯ ಒಲೆ ಹೆಸರು ಮಾಡಿದ್ದು 1967ರಿಂದ ಈಚೆಗೆ.

ಮ್ಯಾಗ್ನೆಟ್ರಾನ್ ಹೊರಡಿಸುವುದು ರೇಡಿಯೋ ಅಲೆಗಳ ಜಾತಿಯ ಅಲೆಗಳನ್ನೇ. ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತವೆ. ಆಹಾರದೊಳಗಿನ ನೀರಿನ ಕಣಗಳು ಆ ಅಲೆಗಳ ಜೊತೆಗೆ ತಿರುಗಲು ಹೆಣಗುತ್ತವೆ, ಒಂದಕ್ಕೊಂದು ತಿಕ್ಕಾಡಿ ಬಿಸಿಯಾಗುತ್ತವೆ. ಎಂದರೆ ನೀರಿನ ಪಸೆ ಇದ್ದಲ್ಲಿ ಶಾಖ. ಅಲೆ ಒಳಗೆ ಇಳಿಯುವುದು ಒಂದೆರಡು ಅಂಗುಲ ಮಾತ್ರ. ದೊಡ್ಡ ಗಡ್ಡೆಯ ನಡುಭಾಗ ಹೊರಗಿನ ಬಿಸಿ ಹಬ್ಬಿಯೇ ಬೇಯಬೇಕು. ಒಳಗಿನಿಂದ ಹೊರಕ್ಕೆ ಬೇಯುತ್ತದೆ ಎನ್ನುವ ಮಾತು ನಿಜವಲ್ಲ.

ನಮ್ಮ ತಾಯಿಯವರು ಆ ಒಲೆಯಲ್ಲಿ ಬಿಸಿ ಮಾಡಿದ್ದನ್ನು ಇಂದಿಗೂ ಮುಟ್ಟುವುದಿಲ್ಲ. ವಿಷದ ಕಿರಣ ಅನ್ನದಲ್ಲಿ ಸೇರಿಕೊಳ್ಳುತ್ತದೆ ಎಂದು ಅವರ ಅಂಜಿಕೆ. ಬಹಳ ಮಂದಿ ಸದಸ್ಯರೂ ಹೀಗೆಯೇ ಕೇಳುತ್ತಾರೆ. ಎಕ್ಸ್‌ರೇಯಂತೆ ಕಣಗಳನ್ನು ಒಡೆಯುವ ಶಕ್ತಿ ಈ ಅಲೆಗಳಿಗಿಲ್ಲ. ಸ್ವಿಚ್ ಆರಿಸಿದರೆ ದೀಪದ ಬೆಳಕು ಕೋಣೆಯಲ್ಲಿ ಉಳಿಯುತ್ತದೆಯೇ? ಹಾಗೆಯೇ ಇದೂ ಒಲೆ ನಿಂತ ಕ್ಷಣ ಮುಗಿಯಿತು. ಅನ್ನದಲ್ಲಿ ಉಳಿಯುವುದು ಬಿಸಿ ಒಂದೇ. ಆದರೆ ಅಲೆಗಳು ಹೊರಗೆ ಬಂದರೆ ನಮ್ಮ ಮೈಯೊಳಗಿನ ನೀರನ್ನೂ ಕಾಯಿಸಬಲ್ಲವು ಎನ್ನುವುದು ನಿಜ, ಅದಕ್ಕಾಗಿಯೇ ಆ ಒಲೆಯ ಬಾಗಿಲಿಗೆ ಅಷ್ಟು ಮಹತ್ವ. ಬಾಗಿಲಿನ ಗಾಜಿನ ಹಿಂದೆ ಸಣ್ಣ ತೂತುಗಳ ಲೋಹದ ಜಾಲರಿ ಇರುವುದನ್ನು ನೋಡಿದ್ದೀರಿ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ತೂತು ಒಂದೆರಡು ಮಿಲಿಮೀಟರ್. ಹಾಗಾಗಿ ಬೆಳಕು ದಾಟುತ್ತದೆ, ಅಲೆ ದಾಟುವುದಿಲ್ಲ. ಬಾಗಿಲು ತೆರೆದ ಕೂಡಲೇ ಯಂತ್ರ ನಿಲ್ಲುವಂತೆ ಕೊಂಡಿಯೊಳಗೆ ಒಂದಕ್ಕಿಂತ ಹೆಚ್ಚು ಸ್ವಿಚ್‌ಗಳನ್ನು ಇಟ್ಟಿರುತ್ತಾರೆ. ಅಮೆರಿಕದಲ್ಲಿ 1971ರಿಂದ ಕಾನೂನಿನ ಮಿತಿ ಇದೆ: ಒಲೆ ಹಳೆಯದಾದರೂ ಅದರ ಹೊರಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವಾಟಿಗಿಂತ ಹೆಚ್ಚು ಸೋರಬಾರದು. ಅರ್ಧ ಮೀಟರ್ ಹಿಂದೆ ಸರಿದರೆ ಅದೂ ಸುಮಾರು ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಆದುದರಿಂದ ಹೆದರಬೇಕಾದದ್ದು ಒಲೆಗಲ್ಲ, ಕೆಟ್ಟ ಬಾಗಿಲಿಗೆ. ಬಾಗಿಲಿನ ಮೇಲೆ ಕೈಒರಸು ನೇತುಹಾಕುವುದು, ತೆರೆದ ಬಾಗಿಲಿನ ಮೇಲೆ ಸಾರಿನ ಪಾತ್ರೆ ಇಡುವುದು, ಮಕ್ಕಳು ಅದಕ್ಕೆ ಜೋತುಬೀಳುವುದು ಇವೆಲ್ಲ ನಿಲ್ಲಬೇಕು. ಅಂಚಿಗೆ ಎಣ್ಣೆ ಜಿಡ್ಡು, ಪಲ್ಯದ ಚೂರು ಅಂಟಿದ್ದರೆ ಬಾಗಿಲು ಪೂರ್ತಿ ಕೂಡುವುದಿಲ್ಲ. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಜು ಬಿರಿದಿದ್ದರೆ, ಕೀಲು ಸಡಿಲವಾಗಿದ್ದರೆ, ಬಾಗಿಲು ವಾರೆಯಾಗಿದ್ದರೆ, ಬಾಗಿಲು ತೆರೆದರೂ ಯಂತ್ರ ನಿಲ್ಲದಿದ್ದರೆ ಅಂದಿಗೆ ಆ ಒಲೆಯ ಪ್ಲಗ್ ತೆಗೆದಿಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ, ಇತ್ತೀಚಿನ ಪೇಸ್‌ಮೇಕರುಗಳಾದರೆ, ಸುಸ್ಥಿತಿಯಲ್ಲಿರುವ ಒಲೆಯಿಂದ ಭಯವಿಲ್ಲ. ಆದರೂ ತಮ್ಮ ವೈದ್ಯರನ್ನು ಒಂದು ಮಾತು ಕೇಳಿಕೊಳ್ಳುವುದು ಒಳಿತು.

ಪಾತ್ರೆಯ ವಿಷಯಕ್ಕೆ ಬಂದರೆ ನಮ್ಮ ಮನೆಗಳದು ಸ್ಟೀಲಿನ ಸಂಸಾರ. ಲೋಟ ಸ್ಟೀಲು, ತಟ್ಟೆ ಸ್ಟೀಲು, ಚಮಚ ಸ್ಟೀಲು. ಇವು ಮೈಕ್ರೋವೇವಿಗೆ ಆಗವು. ಲೋಹ ಅಲೆಯನ್ನು ಹಿಂದಕ್ಕೆ ಹೊಡೆಯುತ್ತದೆ. ತೆಳು ಅಂಚು, ಮೊನೆ ಇದ್ದಲ್ಲಿ ಕಿಡಿ ಹಾರುತ್ತದೆ. ಚಿನ್ನದ ಗೆರೆ ಎಳೆದ ಪಿಂಗಾಣಿ, ಅಲ್ಯೂಮಿನಿಯಂ ಕಾಗದ, ಪೊಟ್ಟಣದ ತಂತಿಯ ಕಟ್ಟು ಇವೂ ಲೋಹವೇ. ಗಾಜು, ಪಿಂಗಾಣಿ ಆಗುತ್ತದೆ. ಯಾವುದಾದರೂ ಬಟ್ಟಲಿನ ಬಗೆಗೆ ಅನುಮಾನವಿದ್ದರೆ ಒಂದು ಪರೀಕ್ಷೆ ಇದೆ: ಆ ಖಾಲಿ ಬಟ್ಟಲಿನ ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಬಟ್ಟಲು ತಣ್ಣಗಿದ್ದರೆ ಅದು ಯೋಗ್ಯ. ಬಟ್ಟಲೇ ಬಿಸಿಯಾದರೆ ಬೇಡ. (ಲೋಹವನ್ನು ಹೀಗೆ ಪರೀಕ್ಷಿಸಲು ಹೋಗಬೇಡಿ.) ಮೆಲಮೈನ್ ತಟ್ಟೆಗಳು ನೋಡಲು ಪಿಂಗಾಣಿಯಂತಿದ್ದರೂ ಒಳಗಿಡತಕ್ಕವಲ್ಲ. ಐಸ್‌ಕ್ರೀಮ್ ಡಬ್ಬಿ, ಹೋಟೆಲಿನಿಂದ ಬಂದ ತೆಳು ಪ್ಲಾಸ್ಟಿಕ್ ಡಬ್ಬಿಗಳೂ ಬೇಡ. ಮೈಕ್ರೋವೇವಿಗೆ ಆಗುತ್ತದೆಂದು ಅಚ್ಚು ಹಾಕಿದ ಪ್ಲಾಸ್ಟಿಕ್ ಇದ್ದರೂ ಎಣ್ಣೆ ತುಪ್ಪ ಹೆಚ್ಚಿರುವ ಪದಾರ್ಥವನ್ನು ಗಾಜಿನಲ್ಲೇ ಬಿಸಿ ಮಾಡುವುದು ನಮ್ಮ ಮನೆಯ ಪದ್ಧತಿ.

ಈಗ ಮಾರುವ ಎಷ್ಟೋ ಒಲೆಗಳಲ್ಲಿ ಕನ್ವೆಕ್ಷನ್ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಅದೇ ಪೆಟ್ಟಿಗೆ ಬೇಕರಿಯ ಒಲೆಯಾಗುತ್ತದೆ, ಒಳಗೆ 200 ಡಿಗ್ರಿಯ ಬಿಸಿಗಾಳಿ ಬೀಸುತ್ತದೆ. ಅಲ್ಲಿ ಲೋಹದ ತಟ್ಟೆ ಆಗುತ್ತದೆ, ಪ್ಲಾಸ್ಟಿಕ್ ಕರಗಿಹೋಗುತ್ತದೆ. ಮೈಕ್ರೋವೇವಿನಲ್ಲಿ ಇದಕ್ಕೆ ತದ್ವಿರುದ್ಧ. ಒಂದೇ ಪೆಟ್ಟಿಗೆಗೆ ಎರಡು ಕಾನೂನು ಇಟ್ಟವರನ್ನು ಏನೆನ್ನಬೇಕೋ! ಯಾವ ಗುಂಡಿಗೆ ಯಾವ ಪಾತ್ರೆ ಎಂದು ಚೀಟಿ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸುವುದೇ ದಾರಿ.

ಮಲೆನಾಡಿನ ಅಜ್ಜಿಯರು ಹಲಸಿನ ಬೀಜವನ್ನು ಕೆಂಡಕ್ಕೆ ಹಾಕುವ ಮೊದಲು ಅದರ ತುದಿಯನ್ನು ಕತ್ತರಿಸುತ್ತಿದ್ದರು. ಕತ್ತರಿಸದಿದ್ದರೆ ಒಳಗಿನ ಹಬೆಗೆ ಹೊರದಾರಿಯಿಲ್ಲದೆ ಬೀಜ ಸಿಡಿದು ಕೆಂಡ ಮೈಮೇಲೆ ಹಾರುತ್ತಿತ್ತು. ಮೈಕ್ರೋವೇವಿಗೂ ಅದೇ ಶಾಸ್ತ್ರ. ಸಿಪ್ಪೆ ಮುಚ್ಚಿದ ಯಾವುದನ್ನೂ ಹಾಗೆಯೇ ಇಡಬಾರದು: ಬಟಾಟೆ, ಬದನೆ, ಟೊಮ್ಯಾಟೊ ಎಲ್ಲವನ್ನೂ ಚುಚ್ಚಿ ಅಥವಾ ಹೋಳು ಮಾಡಿ ಇಡಬೇಕು. ಮೊಟ್ಟೆಯನ್ನಂತೂ ಇಡಲೇಬಾರದು. ಬೇಯಿಸಿ ಸುಲಿದ ಮೊಟ್ಟೆಯೂ ಬೇಡ. ಅದು ಒಲೆಯಲ್ಲಿ ಸುಮ್ಮನಿದ್ದು, ಹೊರಗೆ ತೆಗೆದು ಬಾಯಿಗಿಟ್ಟಾಗ ಸಿಡಿಯಬಹುದು. ಬಿಗಿಯಾಗಿ ಮುಚ್ಚಳ ಹಾಕಿದ ಡಬ್ಬಿಯೂ ಒಂದು ಮೊಟ್ಟೆಯೇ ಎಂದು ತಿಳಿಯಿರಿ. ಮುಚ್ಚಳವನ್ನು ಸಡಿಲವಾಗಿಟ್ಟು ಬಿಸಿ ಮಾಡಿ, ತೆಗೆಯುವಾಗ ಹಬೆ ಆಚೆ ಕಡೆಗೆ ಹೋಗುವಂತೆ ತೆರೆಯಿರಿ.

ಅಲೆಗಳು ಪೆಟ್ಟಿಗೆಯೊಳಗೆ ಎಲ್ಲ ಕಡೆಗೂ ಸಮನಾಗಿ ಬೀಳುವುದಿಲ್ಲ. ತಟ್ಟೆ ತಿರುಗುವುದು ಅದಕ್ಕಾಗಿಯೇ. ಆದರೂ ಒಂದು ಕಡೆ ಸುಡುತ್ತಿದ್ದರೆ ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಮಗುವಿನ ಹಾಲಿನ ಬಾಟಲಿಯನ್ನು ಇದರಲ್ಲಿ ಎಂದಿಗೂ ಬಿಸಿ ಮಾಡಬೇಡಿ. ಬಾಟಲಿ ಮುಟ್ಟಿದರೆ ಉಗುರುಬೆಚ್ಚಗೆ, ಒಳಗಿನ ಹಾಲು ಮಗುವಿನ ಗಂಟಲು ಸುಡುವಷ್ಟು ಬಿಸಿ ಇರಬಹುದು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸುವ ಹಳೆಯ ಪದ್ಧತಿಯೇ ಸರಿ. ಮೊಮ್ಮಕ್ಕಳು ರಜಕ್ಕೆ ಬರುವ ಮನೆಯವರು ಇದನ್ನು ಮರೆಯಬಾರದು.

ತಣ್ಣಗಿನ ಕಡೆಯ ಅಪಾಯ ಬೇರೆ ತರದ್ದು. ಹಿಂದಿನ ದಿನದ ಅನ್ನ, ಮೀನು ಸಾರು, ಕೋಳಿ, ಹಂದಿಮಾಂಸ ಬಿಸಿ ಮಾಡುವಾಗ ಎಲ್ಲ ಭಾಗವೂ ಹೊಗೆಯಾಡುವಷ್ಟು ಕಾಯಬೇಕು. 74 ಡಿಗ್ರಿ ಮುಟ್ಟಬೇಕೆಂದು ತಿಳಿದವರ ಲೆಕ್ಕ. ಹೋಳುಗಳನ್ನು ತಟ್ಟೆಯಲ್ಲಿ ಹರಡಿ, ಮುಚ್ಚಿ, ನಡುವೆ ಒಮ್ಮೆ ನಿಲ್ಲಿಸಿ ಮಗುಚಿ, ಮುಗಿದ ಮೇಲೆ ಎರಡು ನಿಮಿಷ ಹಾಗೆಯೇ ಬಿಡಿ, ಬಿಸಿ ಹಬ್ಬಿಕೊಳ್ಳಲಿ. ಅನ್ನವನ್ನು ರಾತ್ರಿಯೆಲ್ಲ ಹೊರಗೆ ಬಿಟ್ಟು ಬೆಳಿಗ್ಗೆ ಇದರಲ್ಲಿ ಬಿಸಿ ಮಾಡಿದರೆ ಶುದ್ಧವಾಯಿತೆಂದು ತಿಳಿಯಬೇಡಿ. ಹೊರಗಿಟ್ಟ ಅನ್ನದಲ್ಲಿ ಹುಟ್ಟುವ ಒಂದು ಜಾತಿಯ ವಿಷ ಬಿಸಿಗೆ ನಾಶವಾಗುವುದಿಲ್ಲ. ಇನ್ನೊಂದು ವಿಷಯವನ್ನು ಪೇಟೆಯವರು ಬರೆದ ಪುಸ್ತಕ ಹೇಳುವುದಿಲ್ಲ. ಪಂಪುಸೆಟ್ಟುಗಳೆಲ್ಲ ಓಡುವ ಹೊತ್ತಿನಲ್ಲಿ ನಮ್ಮ ಲೈನಿನಲ್ಲಿ ವೋಲ್ಟೇಜು 180ಕ್ಕೂ ಇಳಿಯುವುದುಂಟು. ಆಗ ಒಲೆ ಓಡುತ್ತದೆ, ಗುಂಯ್ ಎನ್ನುತ್ತದೆ, ಆದರೆ ಕೊಡುವ ಶಾಖ ಬಹಳ ಕಡಮೆ. ಮೂರು ನಿಮಿಷ ಎಂದು ಪುಸ್ತಕ ಹೇಳಿತೆಂದು ತೆಗೆದು ತಿಂದರೆ ಒಳಗೆ ತಣ್ಣಗಿರುತ್ತದೆ. ಗಡಿಯಾರ ನಂಬದೆ ಪದಾರ್ಥವನ್ನೇ ಬಿಡಿಸಿ ನೋಡಿ.

ಕಡುಬು ಬಿಸಿ ಮಾಡುವುದಕ್ಕೆ ಮಾತ್ರ ಈ ಒಲೆಯನ್ನು ಮೆಚ್ಚಲೇಬೇಕು. ನೀರು ಚಿಮುಕಿಸಿ ಮುಚ್ಚಿಟ್ಟರೆ ಒಂದು ನಿಮಿಷದಲ್ಲಿ ಆಗ ತಾನೇ ಹಬೆಯಿಂದ ಇಳಿಸಿದಂತಿರುತ್ತದೆ. ಅಕ್ಕಿರೊಟ್ಟಿ ಮಾತ್ರ ಚಕ್ಕಳವಾಗುತ್ತದೆ.

ನೀರಿನ ಪಸೆ ಇದ್ದಲ್ಲಿ ಶಾಖ ಎಂದೆವು. ಪಸೆ ಇಲ್ಲದ್ದನ್ನು ಇಟ್ಟರೆ? ನಮ್ಮ ನೆರೆಯ ಬೆಳೆಗಾರರೊಬ್ಬರು ಮಳೆ ಬಿಡದ ಒಂದು ವಾರ, ವ್ಯಾಪಾರಿಗೆ ತೋರಿಸಬೇಕಾದ ಕಾಳುಮೆಣಸಿನ ಮಾದರಿಯನ್ನು ಇದರಲ್ಲಿ ಒಣಗಿಸಹೋದರು. ಮೊದಲು ಹಬೆ ಬಂತು, ಸರಿಯಾಗಿಯೇ ಒಣಗುತ್ತಿದೆ ಎಂದು ಇನ್ನೈದು ನಿಮಿಷ ಇಟ್ಟರು. ಪಸೆ ಮುಗಿದ ಮೇಲೆ ರಾಶಿಯ ನಡುವೆ ಒಂದೆರಡು ಕಾಳು ಕರಿಕಾಗಿ ಅಲ್ಲಿಂದ ಹೊಗೆ ಎದ್ದು, ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಅಡಿಕೆ, ಕಾಫಿ ಬೀಜ, ಮೆಣಸು, ಏಲಕ್ಕಿ, ಒದ್ದೆ ಕಾಲುಚೀಲ, ನೆನೆದ ವರ್ತಮಾನ ಪತ್ರಿಕೆ ಯಾವುದನ್ನೂ ಇದರಲ್ಲಿ ಒಣಗಿಸಬಾರದು. ಎಣ್ಣೆ ಕಾಯಿಸಬಾರದು, ಕರಿಯಬಾರದು. ಖಾಲಿ ಒಲೆಯನ್ನೂ ಓಡಿಸಬಾರದು. ಅಲೆಗಳಿಗೆ ಹೀರುವವರಿಲ್ಲದೆ ಮ್ಯಾಗ್ನೆಟ್ರಾನಿಗೇ ಹಿಂದಿರುಗಿ ಅದು ಕೆಡುತ್ತದೆ. ನಮ್ಮ ಅಡಿಕೆ ಹಾಳೆಯ ತಟ್ಟೆಗಳ ವಿಷಯ ಅನೇಕರು ಕೇಳುತ್ತಾರೆ. ಪಸೆ ಇರುವ ಪದಾರ್ಥವಿಟ್ಟು ಒಂದೆರಡು ನಿಮಿಷ ಬಿಸಿ ಮಾಡಿದಾಗ ನಮ್ಮಲ್ಲಿ ತೊಂದರೆಯಾಗಿಲ್ಲ. ಆದರೆ ಹಾಳೆ ಒಣಗಿದ ವಸ್ತು, ಹೆಚ್ಚು ಹೊತ್ತು ಇಟ್ಟರೆ ಕರಿಕಾಗುತ್ತದೆ.

ಒಳಗೆ ಬೆಂಕಿ ಹತ್ತಿದರೆ ಬಾಗಿಲು ತೆರೆಯಬಾರದು. ತೆರೆದರೆ ಗಾಳಿ ಸಿಕ್ಕಿ ಉರಿ ಹೊರಬರುತ್ತದೆ. ಗೋಡೆಯ ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ಇಟ್ಟರೆ ಗಾಳಿಯಿಲ್ಲದೆ ಸಾಮಾನ್ಯವಾಗಿ ತಾನೇ ನಂದುತ್ತದೆ. ನೆರೆಯವರು ಬಾಗಿಲು ತೆರೆಯದಿದ್ದದ್ದು ತಿಳಿದಲ್ಲ, ಹೆದರಿಕೆಯಿಂದ. ಆದರೂ ಅದೇ ಅವರ ಅಡಿಗೆಮನೆಯನ್ನು ಉಳಿಸಿತು.

ಇನ್ನು ಕರಗಿದ ಸಾಕೆಟ್ಟಿನ ಕಥೆ. 800 ವಾಟ್ ಎಂದು ಬರೆದ ಒಲೆ ಲೈನಿನಿಂದ ಎಳೆಯುವುದು ಸುಮಾರು 1,200ರಿಂದ 1,300 ವಾಟ್. 800 ಎನ್ನುವುದು ಆಹಾರಕ್ಕೆ ಕೊಡುವ ಶಾಖ ಮಾತ್ರ. ಕನ್ವೆಕ್ಷನ್ ಗುಂಡಿ ಒತ್ತಿದರೆ 2,000 ವಾಟ್ ದಾಟುವುದೂ ಉಂಟು, ಎಂದರೆ ಒಂಬತ್ತು ಆಂಪಿಯರಿನ ಸುಮಾರು. ನಮ್ಮ ಹಳೆಯ ಮನೆಗಳ ವೈರಿಂಗು ಎರಡು ಬಲ್ಬು ಒಂದು ರೇಡಿಯೋ ನೆನೆದು ಮಾಡಿದ್ದು. ಆ ಸದಸ್ಯರ ಮನೆಯಲ್ಲಿ ದೀಪದ ಸಣ್ಣ ಸಾಕೆಟ್ಟಿಗೆ ಎಕ್ಸ್‌ಟೆನ್ಶನ್ ಪೆಟ್ಟಿಗೆ ಸಿಕ್ಕಿಸಿ, ಅದಕ್ಕೆ ಒಲೆಯನ್ನೂ ಫ್ರಿಜ್ಜನ್ನೂ ಕೂಡಿಸಿದ್ದರು. ಇದಕ್ಕೆ 16 ಆಂಪಿಯರಿನ ದೊಡ್ಡ ಸಾಕೆಟ್ ಬೇಕು, ಮೀಟರ್ ಬೋರ್ಡಿನಿಂದ ಬೇರೆಯೇ ದಪ್ಪ ತಂತಿ ಎಳೆದಿರಬೇಕು, ಎಕ್ಸ್‌ಟೆನ್ಶನ್ ಕೂಡದು. ಮನೆಯ ಸಣ್ಣ ಇನ್ವರ್ಟರಿನಿಂದ ಓಡಿಸಲು ಹೋಗಬೇಡಿ.

ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಪಿನ್ನು ಸಾಕೆಟ್ಟಿಗೆ ಹಿಡಿಯದೆಂದು ಮುರಿದು ಹಾಕಿದ ಮನೆಗಳನ್ನು ನಾವೇ ನೋಡಿದ್ದೇವೆ. ಆ ಪಿನ್ನು ಅರ್ಥಿಂಗಿಗೆ. ಅದು ಇದ್ದೂ ಹಿತ್ತಿಲಿನ ಅರ್ಥಿಂಗ್ ಗುಂಡಿ ಒಣಗಿಹೋಗಿದ್ದರೆ ಇದ್ದೂ ಇಲ್ಲದಂತೆ. ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಕಾಫಿಗೆ ತುಂತುರು ನೀರು ಕೊಡುವ ನಾವು ಆ ಗುಂಡಿಗೆ ಎರಡು ಕೊಡ ನೀರು ಹಾಕಲು ಮರೆಯುತ್ತೇವೆ. ಗುಡುಗು ಸಿಡಿಲಿನ ಕಾಲದಲ್ಲಿ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಒಲೆಯ ಹಿಂದೆ, ಪಕ್ಕ, ಮೇಲೆ ಗಾಳಿಗೆ ಜಾಗ ಬಿಡಿ. ಮಳೆಗಾಲದಲ್ಲಿ ಒಳಗೆ ಉಳಿದ ತೇವ ಒರೆಸಿ ಆರಿಸದಿದ್ದರೆ ಬೂಷ್ಟು ಬರುತ್ತದೆ, ಗಾಳಿಕಂಡಿಯಲ್ಲಿ ಇರುವೆ ಜಿರಳೆ ಮನೆ ಮಾಡುತ್ತವೆ.

ಮೂರನೆಯ ಪ್ರಸಂಗವನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ. ಕೆಟ್ಟ ಒಲೆಯೊಂದನ್ನು ಮೋಟಾರು ಪಂಪು ರಿಪೇರಿ ಬಲ್ಲ ಊರಿನ ಹುಡುಗನೊಬ್ಬ ಪ್ಲಗ್ ಕಿತ್ತು, ಕವಚ ಬಿಚ್ಚಿ ಒಳಗೆ ಕೈ ಹಾಕಿದ. ಕರೆಂಟಿನ ಸಂಬಂಧವೇ ಇರಲಿಲ್ಲ, ಆದರೂ ಅವನನ್ನು ಗೋಡೆಗೆ ಎಸೆಯಿತು. ಒಳಗಿರುವ ಟ್ರಾನ್ಸ್‌ಫಾರ್ಮರ್ ಮನೆಯ 230 ವೋಲ್ಟನ್ನು ಎರಡು ಸಾವಿರಕ್ಕೂ ಏರಿಸುತ್ತದೆ. ಅದರ ಜೊತೆಯ ಕೆಪಾಸಿಟರ್ ಆ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಪ್ಲಗ್ ಕಿತ್ತ ಮೇಲೂ ಕಾದು ಕುಳಿತಿರಬಹುದು. ಸೋಲಾರ್ ಬೇಲಿಯಲ್ಲಿ ಇದಕ್ಕಿಂತ ಹೆಚ್ಚು ವೋಲ್ಟ್ ಇದ್ದೂ ನಾವು ಸಾಯುವುದಿಲ್ಲವಲ್ಲ ಎಂದು ಸದಸ್ಯರೊಬ್ಬರು ಕೇಳಿದರು. ಬೇಲಿಯ ಹೊಡೆತ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು, ಅದೂ ತಡೆದು ತಡೆದು. ಆನೆಯನ್ನು ಹೆದರಿಸಲು ಎಷ್ಟು ಬೇಕೋ ಅಷ್ಟು ಮಾತ್ರ. ಈ ಟ್ರಾನ್ಸ್‌ಫಾರ್ಮರಿಗೆ ಅಂಥ ದಯೆಯಿಲ್ಲ, ಒಮ್ಮೆ ಹಿಡಿದರೆ ಒಂದೇ ಸಮನೆ ಹರಿಸುತ್ತದೆ. ಮೀಟರ್ ಬೋರ್ಡಿನಲ್ಲಿ ಇ.ಎಲ್.ಸಿ.ಬಿ. ಹಾಕಿಸಿದ್ದೇವೆ, ಅದು ಕಾಪಾಡುತ್ತದೆ ಎಂದುಕೊಳ್ಳಬೇಡಿ. ಟ್ರಾನ್ಸ್‌ಫಾರ್ಮರಿನ ಆಚೆಗೆ ಒಲೆಯೊಳಗೇ ಸುತ್ತುವ ಈ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದಲ್ಲಿ ಹಳೆಯ ಒಲೆಗಳಿಂದ ಈ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಮರದ ಹಲಗೆಯ ಮೇಲೆ ಚಿತ್ತಾರ ಸುಡಲು ಹೋದ ಹವ್ಯಾಸಿಗಳು ಸತ್ತಿದ್ದಾರೆ. ಕಂಪೆನಿಯ ತರಬೇತಾದ ಮೆಕ್ಯಾನಿಕ್ ಬರಲು ಹದಿನೈದು ದಿನವಾದರೂ ಕಾಯಿರಿ. ಗುಜರಿಗೆ ಹಾಕುವ ಒಲೆಯನ್ನೂ ಮಕ್ಕಳು ಬಿಚ್ಚದಂತೆ ನೋಡಿಕೊಳ್ಳಿ.

ಹುಡುಗ ಈಗ ಚೆನ್ನಾಗಿದ್ದಾನೆ, ಬಲಗೈಯ ಎರಡು ಬೆರಳು ಮಾತ್ರ ಇನ್ನೂ ಜೋಮು. ಈ ಮೂರು ಪ್ರಸಂಗಗಳನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಇಟ್ಟಾಗ, ಸದಸ್ಯರ ಮನೆಗಳ ಅರ್ಥಿಂಗ್ ಗುಂಡಿ ಮತ್ತು ಅಡಿಗೆಮನೆಯ ಸಾಕೆಟ್ಟುಗಳನ್ನು ಪರವಾನಗಿ ಪಡೆದ ವಯರ್‌ಮನ್ನರಿಂದ ಮಳೆಗಾಲಕ್ಕೆ ಮುಂಚೆ ಪರೀಕ್ಷೆ ಮಾಡಿಸುವುದೆಂದೂ, ಪರೀಕ್ಷೆಯ ಕೂಲಿಯನ್ನು ಸಂಘವೇ ಕೊಡುವುದೆಂದೂ ತೀರ್ಮಾನವಾಯಿತು. ತಂತಿ, ಸಾಕೆಟ್, ಇದ್ದಿಲು, ಉಪ್ಪಿನ ಖರ್ಚು ಸದಸ್ಯರದು. ಬೇಕಾದವರು ಕಚೇರಿಯಲ್ಲಿ ಗೊಬ್ಬರದ ಗುಮಾಸ್ತರ ಹತ್ತಿರ ಇರುವ ಪುಸ್ತಕದಲ್ಲಿ ಹೆಸರು, ಊರು, ಮನೆಗೆ ಜೀಪು ಬರುತ್ತದೆಯೇ ಇಲ್ಲವೇ ಎನ್ನುವುದನ್ನು ಬರೆಸತಕ್ಕದ್ದು. ಮೊದಲ ಹೆಸರು ನಮ್ಮದೇ ಇದೆ.